ಹಳೆಯ ಕಟ್ಟಡಕ್ಕೆ ಹೊಸ ಬಳಕೆ: ಕೆಡವುವ ಮುನ್ನ ಹಾಕಬೇಕಾದ ಲೆಕ್ಕ

ನಗರದ ನಡುಭಾಗದಲ್ಲಿ ಐವತ್ತು ಅರವತ್ತು ವರ್ಷಗಳ ಹಿಂದೆ ಕಟ್ಟಿದ, ಹತ್ತು ಹನ್ನೆರಡು ಮಹಡಿಗಳ ಕಚೇರಿ ಕಟ್ಟಡವೊಂದು ಖಾಲಿ ಬಿದ್ದಿದೆ ಎಂದುಕೊಳ್ಳೋಣ. ಬಾಡಿಗೆದಾರರು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದಾರೆ, ಲಿಫ್ಟುಗಳು ಹಳತಾಗಿವೆ, ಕಿಟಕಿಯ ಸಂದುಗಳಿಂದ ಗಾಳಿ ನುಗ್ಗುತ್ತದೆ, ಹೊರಗೋಡೆಯ ಗಾರೆ ಅಲ್ಲಲ್ಲಿ ಉದುರಿದೆ. ಕೆಳಗಿನ ಜಾಗದ ಬೆಲೆ ಮಾತ್ರ ಏರುತ್ತಲೇ ಇದೆ. ಇಂಥ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವುದು ಒಂದು ದಾರಿ. ಅದರ ಕಂಬ, ತೊಲೆ, ಸ್ಲ್ಯಾಬುಗಳನ್ನು ಉಳಿಸಿಕೊಂಡು ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಮನೆ ಎಂಬಂತೆ ಹಲವು ಬಳಕೆಗಳಿಗೆ ಅಣಿಗೊಳಿಸುವುದು ಇನ್ನೊಂದು ದಾರಿ. ಎರಡನೆಯದನ್ನು ಮಿಶ್ರ ಬಳಕೆಯ ಪುನರಭಿವೃದ್ಧಿ ಎನ್ನುತ್ತಾರೆ. ಅದಕ್ಕೆ ‘ಸುಸ್ಥಿರ’ ಎಂಬ ವಿಶೇಷಣವನ್ನು ಸೇರಿಸುವುದು ಸುಲಭ. ಆ ವಿಶೇಷಣ ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲುವುದಿಲ್ಲ ಎಂಬುದನ್ನು ತಿಳಿಯಲು ಕಟ್ಟಡದ ಒಳಗನ್ನೇ ನೋಡಬೇಕಾಗುತ್ತದೆ.

ಒಂದು ಕಟ್ಟಡದಿಂದ ವಾತಾವರಣಕ್ಕೆ ಸೇರುವ ಇಂಗಾಲವನ್ನು ಎರಡು ಖಾತೆಗಳಲ್ಲಿ ಬರೆದಿಡುವುದು ವಾಡಿಕೆ. ದೀಪ, ಹವಾನಿಯಂತ್ರಣ, ಲಿಫ್ಟು, ಬಿಸಿನೀರು ಇವುಗಳಿಗೆ ದಿನವೂ ಖರ್ಚಾಗುವ ಶಕ್ತಿಯಿಂದ ಹೊಮ್ಮುವುದು ಬಳಕೆಯ ಇಂಗಾಲ. ಸಿಮೆಂಟು, ಉಕ್ಕು, ಗಾಜು, ಇಟ್ಟಿಗೆಗಳನ್ನು ತಯಾರಿಸಿ, ಸಾಗಿಸಿ, ಕಟ್ಟಿ, ಮುಂದೆ ದುರಸ್ತಿ ಮಾಡಿ, ಕೊನೆಗೆ ಕೆಡವಿ ವಿಲೇವಾರಿ ಮಾಡುವುದರಲ್ಲಿ ಹೊಮ್ಮುವುದು ಅಂತರ್ಗತ ಇಂಗಾಲ. ಬಳಕೆಯ ಇಂಗಾಲ ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಸೇರುತ್ತದೆ, ಮತ್ತು ಉಪಕರಣ ಬದಲಿಸಿ ಅಥವಾ ವಿದ್ಯುತ್ತಿನ ಮೂಲ ಬದಲಿಸಿ ಅದನ್ನು ಮುಂದೆಯೂ ತಗ್ಗಿಸಬಹುದು. ಅಂತರ್ಗತ ಇಂಗಾಲದ ಬಹುಪಾಲು ಕಟ್ಟುವ ಒಂದೆರಡು ವರ್ಷಗಳಲ್ಲೇ ಹೊರಬಿದ್ದಿರುತ್ತದೆ, ಆಮೇಲೆ ಅದನ್ನು ಹಿಂಪಡೆಯುವ ದಾರಿಯಿಲ್ಲ. ಬಹುಮಹಡಿ ಕಟ್ಟಡದಲ್ಲಿ ಇದರ ದೊಡ್ಡ ಪಾಲು ಇರುವುದು ಅಡಿಪಾಯ, ಕಂಬ, ತೊಲೆ, ಸ್ಲ್ಯಾಬುಗಳಲ್ಲಿ. ಎಂದರೆ ಕಣ್ಣಿಗೆ ಕಾಣದೆ ಒಳಗೆ ಉಳಿಯುವ ಭಾಗದಲ್ಲಿ.

ಸಿಮೆಂಟಿನ ವಿಷಯದಲ್ಲಿ ಇದು ಬರಿಯ ಇಂಧನದ ಪ್ರಶ್ನೆಯಲ್ಲ. ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವಾಗ ಕಲ್ಲೇ ಒಡೆದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಶುದ್ಧ ಸುಣ್ಣದಕಲ್ಲು ಒಂದು ಟನ್ ಇದ್ದರೆ ಅದರಿಂದ 440 ಕಿಲೋ ಅನಿಲ ಹೊರಬರುತ್ತದೆ. ಗೂಡನ್ನು ಪೂರ್ತಿ ಸೌರಶಕ್ತಿಯಿಂದ ಕಾಯಿಸಿದರೂ ಈ ಪ್ರಮಾಣ ತಗ್ಗುವುದಿಲ್ಲ, ಏಕೆಂದರೆ ಅದು ರಸಾಯನ ಕ್ರಿಯೆಯ ಫಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟೊಂದರಿಂದಲೇ ಬರಲು ಮುಖ್ಯ ಕಾರಣ ಇದು. ನಿಂತಿರುವ ಕಟ್ಟಡದ ಕಾಂಕ್ರೀಟಿಗೆ ಈ ಬೆಲೆಯನ್ನು ಯಾವಾಗಲೋ ತೆತ್ತಾಗಿದೆ. ಅದನ್ನು ಒಡೆದು ಜಲ್ಲಿಯಾಗಿಸಿ ರಸ್ತೆಯ ತಳಕ್ಕೆ ಹಾಕುವುದನ್ನೂ ಮರುಬಳಕೆ ಎಂದು ಕರೆಯುತ್ತಾರೆ. ಆದರೆ ಅದರಲ್ಲಿ ಉಳಿಯುವುದು ಕಲ್ಲಿನ ಬೆಲೆ ಮಾತ್ರ, ಸಿಮೆಂಟಿಗೆ ತೆತ್ತ ಬೆಲೆ ಹೋದಂತೆಯೇ.

ಲೆಕ್ಕ ಹೇಗೆ ಓಡುತ್ತದೆ ಎಂಬುದನ್ನು ಒಂದು ಊಹೆಯ ಕಟ್ಟಡದ ಮೇಲೆ ನೋಡಬಹುದು. ಅಂಕಿಗಳು ಉದಾಹರಣೆಗಷ್ಟೇ ಇಟ್ಟುಕೊಂಡವು. ಕಟ್ಟಡದ ವಿಸ್ತೀರ್ಣ 10,000 ಚದರ ಮೀಟರ್. ಹೊಸದಾಗಿ ಕಟ್ಟಿದರೆ ಚದರ ಮೀಟರಿಗೆ 600 ಕಿಲೋ, ಕಂಬ, ತೊಲೆ, ಸ್ಲ್ಯಾಬುಗಳ ಅಸ್ಥಿಪಂಜರ ಉಳಿಸಿ ನವೀಕರಿಸಿದರೆ 250 ಕಿಲೋ ಅಂತರ್ಗತ ಇಂಗಾಲ ಎಂದಿಟ್ಟುಕೊಂಡರೆ ಮೊದಲನೆಯದು 6,000 ಟನ್, ಎರಡನೆಯದು 2,500 ಟನ್; ವ್ಯತ್ಯಾಸ 3,500 ಟನ್. ಹೊಸ ಕಟ್ಟಡವು ಚೆನ್ನಾಗಿ ನವೀಕರಿಸಿದ ಹಳೆಯ ಕಟ್ಟಡಕ್ಕಿಂತ ವರ್ಷಕ್ಕೆ 100 ಟನ್ ಕಡಿಮೆ ಇಂಗಾಲದಲ್ಲಿ ನಡೆಯುತ್ತದೆ ಎಂದುಕೊಂಡರೂ ಈ 3,500 ಟನ್ನಿನ ಮೊದಲ ಸಾಲ ತೀರಲು 35 ವರ್ಷ ಬೇಕು. ಅಷ್ಟರಲ್ಲಿ ವಿದ್ಯುತ್ ಜಾಲದಲ್ಲಿ ಗಾಳಿ ಮತ್ತು ಬಿಸಿಲಿನ ಪಾಲು ಹೆಚ್ಚಿದರೆ ಆ 100 ಟನ್ನಿನ ಅಂತರವೂ ಕಿರಿದಾಗಿ ಸಾಲದ ಅವಧಿ ಇನ್ನೂ ಉದ್ದವಾಗುತ್ತದೆ.

ಇದೇ ಲೆಕ್ಕವನ್ನು ಬೇರೆ ರೀತಿಯಲ್ಲಿ ಮಂಡಿಸಿ ವಿರುದ್ಧ ಉತ್ತರವನ್ನೂ ಪಡೆಯಬಹುದು. ಹೊಸ ಕಟ್ಟಡವನ್ನು ನವೀಕರಿಸಿದ ಕಟ್ಟಡದ ಜೊತೆ ಹೋಲಿಸದೆ, ಏನೂ ಮಾಡದೆ ಬಿಟ್ಟ ಸೋರುವ ಕಟ್ಟಡದ ಜೊತೆ ಹೋಲಿಸಿದರೆ ವಾರ್ಷಿಕ ಉಳಿತಾಯ 600 ಟನ್ ಎಂದು ತೋರಬಹುದು, ಆಗ 6,000 ಟನ್ನಿನ ಪೂರ್ತಿ ಸಾಲವೂ ಹತ್ತೇ ವರ್ಷದಲ್ಲಿ ತೀರಿದಂತೆ ಕಾಣುತ್ತದೆ. ಕೆಡವುವ ಪ್ರಸ್ತಾಪಗಳನ್ನು ಓದುವಾಗ ಮೊದಲು ಹುಡುಕಬೇಕಾದದ್ದು ಈ ಹೋಲಿಕೆಯ ಇನ್ನೊಂದು ತಕ್ಕಡಿಯಲ್ಲಿ ಏನನ್ನು ಇಟ್ಟಿದ್ದಾರೆ ಎಂಬುದನ್ನು. ಹಾಗೆಂದು ಹಳೆಯದೆಲ್ಲವೂ ಹಸಿರು ಎಂದು ನಾನು ಹೇಳುತ್ತಿಲ್ಲ. ಸೋರುವ ಕಟ್ಟಡವನ್ನು ಸುಣ್ಣಬಣ್ಣ ಬಳಿದು ಹಾಗೆಯೇ ಬಾಡಿಗೆಗೆ ಕೊಡುವುದು ಸಂರಕ್ಷಣೆಯಲ್ಲ, ಮುಂದೂಡಿಕೆ.

ಲಂಡನ್ನಿನ ಆಕ್ಸ್‌ಫರ್ಡ್ ರಸ್ತೆಯ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಯನ್ನು ಕೆಡವಿ ಅಂಗಡಿ ಮತ್ತು ಕಚೇರಿಗಳ ಹೊಸ ಕಟ್ಟಡವನ್ನು ಕಟ್ಟುವ ಯೋಜನೆಯ ಸುತ್ತ ವರ್ಷಗಟ್ಟಲೆ ವಾದ ನಡೆದದ್ದು ಇದೇ ಹೋಲಿಕೆಯ ಮೇಲೆ. ಇಂಗಾಲ ಮತ್ತು ಪರಂಪರೆ ಎರಡನ್ನೂ ಮುಂದಿಟ್ಟು ಬ್ರಿಟಿಷ್ ಸರ್ಕಾರದ ಸಚಿವರು 2023ರ ಜುಲೈಯಲ್ಲಿ ಅನುಮತಿ ನಿರಾಕರಿಸಿದರು, 2024ರ ಮಾರ್ಚಿನಲ್ಲಿ ಹೈಕೋರ್ಟ್ ಆ ನಿರಾಕರಣೆಯನ್ನು ರದ್ದುಪಡಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಹೊಸ ಸಚಿವರಿಂದ ಅನುಮತಿ ಸಿಕ್ಕಿತು. ಅಂತಿಮ ತೀರ್ಪು ಏನೇ ಇರಲಿ, ‘ಉಳಿಸುವ ಪರ್ಯಾಯವನ್ನು ನಿಜವಾಗಿ ಪರಿಶೀಲಿಸಿದ್ದೀರಾ’ ಎಂಬ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವುದು ಆ ಪ್ರಕರಣದ ನಂತರ ಕಷ್ಟವಾಗಿದೆ.

ಉಳಿಸಬಹುದೇ ಎಂಬುದನ್ನು ಕಾಗದದ ಮೇಲೆ ನಿರ್ಧರಿಸಲಾಗದು. ಮೂಲ ನಕ್ಷೆಗಳು ಸಿಕ್ಕರೆ ಅದು ಭಾಗ್ಯ, ಆದರೆ ನಕ್ಷೆಯಲ್ಲಿದ್ದಂತೆಯೇ ಕಟ್ಟಿದ್ದಾರೆಂಬ ಖಾತರಿಯಿಲ್ಲ. ಆದ್ದರಿಂದ ಸ್ಟ್ರಕ್ಚರಲ್ ಎಂಜಿನಿಯರರು ಆಯ್ದ ಕಡೆಗಳಲ್ಲಿ ಕಾಂಕ್ರೀಟನ್ನು ಕೊರೆದು, ಕೈಹಿಡಿಯಷ್ಟು ದಪ್ಪದ ಉರುಟು ತುಂಡುಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಒತ್ತಿ ಒಡೆದು ಬಲ ಅಳೆಯುತ್ತಾರೆ. ಇದರ ಜೊತೆಗೇ ಮಾಡುವ ಇನ್ನೊಂದು ಪರೀಕ್ಷೆ ನೋಡಲು ತೀರ ಸರಳ. ಆಗತಾನೇ ಒಡೆದ ಕಾಂಕ್ರೀಟಿನ ಮುಖದ ಮೇಲೆ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸುತ್ತಾರೆ. ಕೆಲವೇ ಕ್ಷಣಗಳಲ್ಲಿ ಒಳಭಾಗ ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹೊರ ಅಂಚಿನ ಪಟ್ಟಿಯೊಂದು ಬಣ್ಣವೇರದೆ ಬೂದಿ ಬಣ್ಣದಲ್ಲೇ ಉಳಿಯುತ್ತದೆ. ಗುಲಾಬಿಯಾದ ಕಡೆ ಕಾಂಕ್ರೀಟಿನ ಕ್ಷಾರಗುಣ ಇನ್ನೂ ಇದೆ, ಅದರ ಆಶ್ರಯದಲ್ಲಿರುವ ಉಕ್ಕಿನ ಸರಳಿಗೆ ಸುಲಭವಾಗಿ ತುಕ್ಕು ಹಿಡಿಯದು. ಬೂದಿ ಪಟ್ಟಿಯಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳನುಗ್ಗಿ ಆ ಗುಣವನ್ನು ಕಳೆದಿದೆ. ಅಡಿಪಟ್ಟಿಯಿಟ್ಟು ಆ ಪಟ್ಟಿಯ ದಪ್ಪವನ್ನು ಅಳೆಯುತ್ತಾರೆ. ಸರಳಿನ ಮೇಲೆ 30 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆಯಿದ್ದು ಬೂದಿ ಪಟ್ಟಿ 12 ಮಿಲಿಮೀಟರ್ ಇದ್ದರೆ ನೆಮ್ಮದಿ. 35 ಇದ್ದರೆ ಸರಳು ರಕ್ಷಣೆ ಕಳೆದುಕೊಂಡಿದೆ ಎಂದರ್ಥ.

ಇಂಗಾಲದ ಡೈಆಕ್ಸೈಡಿನ ಈ ಮುನ್ನಡೆ ಕಾಲ ಕಳೆದಂತೆ ನಿಧಾನವಾಗುತ್ತದೆ. ಹತ್ತು ವರ್ಷಕ್ಕೆ 10 ಮಿಲಿಮೀಟರ್ ಒಳಗೆ ಹೋಗಿದ್ದರೆ ನಲವತ್ತು ವರ್ಷಕ್ಕೆ ಸುಮಾರು 20 ಮಿಲಿಮೀಟರ್ ಹೋಗಿರುತ್ತದೆ, 40 ಅಲ್ಲ. ರಕ್ಷಣೆ ಹೋದ ಮಾತ್ರಕ್ಕೆ ತುಕ್ಕು ಹಿಡಿಯುವುದೂ ಇಲ್ಲ, ಅದಕ್ಕೆ ತೇವವೂ ಬೇಕು. ಒಣಗಿರುವ ಒಳಗಿನ ಕಂಬ ದಶಕಗಳ ಕಾಲ ಹಾಗೆಯೇ ಇರಬಹುದು, ನೀರು ಜಿನುಗುವ ಬಾಲ್ಕನಿ ಮತ್ತು ಶೌಚಾಲಯದ ಕೆಳಗಿನ ಸ್ಲ್ಯಾಬು ಹಾಗಿರಲಾರದು. ಹೀಗಾಗಿ ‘ಕಟ್ಟಡದ ಆಯುಷ್ಯ ಮುಗಿದಿದೆ’ ಎಂದು ಹೇಳುವವರನ್ನು ಯಾವ ಭಾಗದ ಆಯುಷ್ಯ, ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳುವುದು ನ್ಯಾಯ. ಇಂಥ ಪರೀಕ್ಷೆಗಳ ಖರ್ಚು ಇಡೀ ಯೋಜನೆಯ ವೆಚ್ಚದ ಮುಂದೆ ಅತ್ಯಲ್ಪ. ಅದನ್ನು ಉಳಿಸಲು ಹೋಗಿ ಗಟ್ಟಿ ಕಟ್ಟಡವನ್ನು ಕೆಡವುವುದು ನನಗೆ ಅತ್ಯಂತ ನೋವಿನ ಸಂಗತಿ.

ಅಸ್ಥಿಪಂಜರ ಗಟ್ಟಿಯಿದೆ ಎಂದಾದ ಮೇಲೆ ಅದು ಎಷ್ಟು ಭಾರ ಹೊರುತ್ತದೆ ಎಂಬ ಪ್ರಶ್ನೆ ಬರುತ್ತದೆ. ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ, ಕಚೇರಿಯನ್ನು 250ರಿಂದ 400ಕ್ಕೆ, ಅಂಗಡಿಯನ್ನು 400 ಅಥವಾ ಅದಕ್ಕೂ ಹೆಚ್ಚಿಗೆ ವಿನ್ಯಾಸ ಮಾಡುವುದು ರೂಢಿ. ಪುಸ್ತಕ ಜೋಡಿಸುವ ಗ್ರಂಥಾಲಯದ ಕೋಣೆಗೆ ಇದಕ್ಕೂ ಮೀರಿದ ಬಲ ಬೇಕು. ಕಚೇರಿಯನ್ನು ಮನೆಯಾಗಿಸುವಾಗ ಭಾರದ ದೃಷ್ಟಿಯಿಂದ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ, ಮನೆಯನ್ನು ಅಂಗಡಿಯಾಗಿಸುವಾಗ ಕೊರತೆ ಬೀಳುತ್ತದೆ. ಹಳೆಯ ನೆಲಹಾಸಿನ ಕೆಳಗಿರುವ 75 ಮಿಲಿಮೀಟರ್ ಗಾರೆಯನ್ನು ತೆಗೆದರೆ ಚದರ ಮೀಟರಿಗೆ 150 ಕಿಲೋಗೂ ಹೆಚ್ಚು ಭಾರ ಇಳಿಯುತ್ತದೆ, ಇಟ್ಟಿಗೆಯ ಒಳಗೋಡೆಗಳ ಬದಲು ಹಗುರ ಹಲಗೆಯ ಗೋಡೆ ಹಾಕಿದರೆ ಇನ್ನಷ್ಟು. ಹತ್ತು ಮಹಡಿಗಳಲ್ಲಿ ಹೀಗೆ ಇಳಿಸಿದ ಭಾರವನ್ನು ಕೂಡಿಸಿದರೆ ಅಡಿಪಾಯವನ್ನು ಮುಟ್ಟದೆಯೇ ಮೇಲೆ ಮರದ ಪದರಹಲಗೆಯಿಂದ ಒಂದೆರಡು ಹೊಸ ಮಹಡಿ ಏರಿಸಲು ಅವಕಾಶ ಸಿಗುವುದುಂಟು, ಏಕೆಂದರೆ ಅಂಥ ಮರದ ತೂಕ ಕಾಂಕ್ರೀಟಿನ ಐದನೆಯ ಒಂದರಷ್ಟು ಮಾತ್ರ.

ಬೆಳಕು ಇದಕ್ಕಿಂತ ಹಟಮಾರಿ ಸಮಸ್ಯೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಕೆಲಸಕ್ಕೆ ಬರುತ್ತದೆ ಎಂಬುದು ಸ್ಥೂಲ ನಿಯಮ. ಎಂದರೆ ಸಾಮಾನ್ಯವಾಗಿ ಆರೇಳು ಮೀಟರ್. ಹವಾನಿಯಂತ್ರಣ ಮತ್ತು ಟ್ಯೂಬ್‌ಲೈಟುಗಳ ಧೈರ್ಯದಲ್ಲಿ ಕಟ್ಟಿದ ಕಚೇರಿಗಳ ಅಗಲ ಮೂವತ್ತು ನಲವತ್ತು ಮೀಟರ್ ಇರುತ್ತದೆ. ಅಂಥಲ್ಲಿ ಅಂಚಿನ ಸಾಲು ಮನೆಗೆ ಯೋಗ್ಯ, ನಡುಭಾಗ ಕತ್ತಲೆ. ನ್ಯೂಯಾರ್ಕಿನ 25 ವಾಟರ್ ಸ್ಟ್ರೀಟ್ ಎಂಬ, 1969ರ ಕಾಲದ ಕಚೇರಿ ಕಟ್ಟಡವನ್ನು ಸುಮಾರು 1,300 ಮನೆಗಳಾಗಿ ಮಾರ್ಪಡಿಸುವಾಗ ಮಹಡಿಗಳ ನಡುವೆ ಮೇಲಿನಿಂದ ಕೆಳಕ್ಕೆ ಎರಡು ಬೆಳಕಿನ ಬಾವಿಗಳನ್ನು ಕತ್ತರಿಸಿ, ಕಳೆದುಕೊಂಡ ವಿಸ್ತೀರ್ಣವನ್ನು ತುಂಬಿಕೊಳ್ಳಲು ನೆತ್ತಿಯ ಮೇಲೆ ಹತ್ತು ಮಹಡಿ ಸೇರಿಸಿದರು. ಎಲ್ಲ ಕಡೆಯೂ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಕಿಲ್ಲ. ಮಿಶ್ರ ಬಳಕೆಯ ಗುಣ ಇಲ್ಲೇ ಕಾಣುವುದು: ಮನೆಗೆ ಒಗ್ಗದ ಕತ್ತಲೆಯ ನಡುಭಾಗ ಉಗ್ರಾಣಕ್ಕೆ, ಸಿನಿಮಾ ತೆರೆಗೆ, ಧ್ವನಿಮುದ್ರಣದ ಕೋಣೆಗೆ, ಸೈಕಲ್ ನಿಲುಗಡೆಗೆ ಒಗ್ಗುತ್ತದೆ. ಬಳಕೆಯನ್ನು ಮೊದಲೇ ನಿಶ್ಚಯಿಸಿ ಕಟ್ಟಡವನ್ನು ಅದಕ್ಕೆ ಬಗ್ಗಿಸುವುದಕ್ಕಿಂತ, ಪ್ರತಿ ಮಹಡಿಯ ಪ್ರತಿ ಭಾಗ ಯಾವುದಕ್ಕೆ ಒಪ್ಪುತ್ತದೆಂದು ನೋಡಿ ಬಳಕೆಯನ್ನು ಆರಿಸುವುದೇ ಈ ಕೆಲಸದ ತಿರುಳು ಎಂದು ನಾನು ನಂಬಿದ್ದೇನೆ.

ನೀರು ಮತ್ತು ಕೊಳಚೆಯ ಕೊಳವೆಗಳ ಬಗ್ಗೆ ಯಾರೂ ಉತ್ಸಾಹದಿಂದ ಮಾತನಾಡುವುದಿಲ್ಲ, ಆದರೆ ಹಲವು ಯೋಜನೆಗಳು ಮುಗ್ಗರಿಸುವುದು ಅಲ್ಲೇ. ಕಚೇರಿಯ ಮಹಡಿಯೊಂದಕ್ಕೆ ಒಂದೇ ಕಡೆ ಶೌಚಾಲಯಗಳಿದ್ದರೆ ಸಾಕು, ಮನೆಗಳಿಗೆ ಹತ್ತಾರು ಕಡೆ ಬೇಕು. ಕೊಳಚೆಯ ಕೊಳವೆಗೆ ಇಳಿಜಾರು ಬೇಕು. ಅರವತ್ತಕ್ಕೆ ಒಂದರ ಇಳಿಜಾರಿನಲ್ಲಿ 12 ಮೀಟರ್ ಓಡುವ ಕೊಳವೆ 200 ಮಿಲಿಮೀಟರ್ ಇಳಿಯುತ್ತದೆ, ಅಷ್ಟು ಎತ್ತರವನ್ನು ಕೆಳಗಿನವರ ಚಾವಣಿಯಿಂದ ಕದಿಯಬೇಕು. ಇಲ್ಲವಾದರೆ ಸ್ಲ್ಯಾಬಿನಲ್ಲಿ ಹೊಸ ತೂತುಗಳನ್ನು ಕೊರೆದು ನೇರ ಇಳಿಸಬೇಕು. ಕೆಲವು ಸ್ಲ್ಯಾಬುಗಳ ಒಳಗೆ ಬಿಗಿದೆಳೆದ ಉಕ್ಕಿನ ಕೇಬಲ್‌ಗಳಿರುತ್ತವೆ. ಅವುಗಳಲ್ಲಿ ಒಂದನ್ನು ಅರಿಯದೆ ಕತ್ತರಿಸಿದರೆ ಸ್ಲ್ಯಾಬಿನ ಬಲವೇ ಕುಂದುತ್ತದೆ, ಕೊರೆಯುವವನ ಜೀವಕ್ಕೂ ಅಪಾಯ. ಹಾಗಾಗಿ ರೇಡಾರ್ ಯಂತ್ರವನ್ನು ನೆಲದ ಮೇಲೆ ಉರುಳಿಸಿ ಕೇಬಲ್ಲು, ಸರಳುಗಳ ಜಾಗವನ್ನು ಬಣ್ಣದ ಗೆರೆಯಲ್ಲಿ ಗುರುತಿಸಿದ ಮೇಲೆಯೇ ಡ್ರಿಲ್ ಮುಟ್ಟಬೇಕು.

ಹಳೆಯದಕ್ಕೆ ಹೊಸದನ್ನು ಕೂಡಿಸುವಾಗ ಎದುರಾಗುವ ಕಷ್ಟಕ್ಕೆ ಸಿಡ್ನಿಯ ಕ್ವೇ ಕ್ವಾರ್ಟರ್ ಟವರ್ ಒಳ್ಳೆಯ ನಿದರ್ಶನ. 1976ರಲ್ಲಿ ಕಟ್ಟಿದ ಎಎಂಪಿ ಸೆಂಟರ್ ಎಂಬ ಕಚೇರಿ ಗೋಪುರದ ಕಂಬ, ತೊಲೆ, ಸ್ಲ್ಯಾಬುಗಳಲ್ಲಿ ಶೇಕಡಾ 65ರಷ್ಟನ್ನೂ ಲಿಫ್ಟು ಮೆಟ್ಟಿಲುಗಳ ಸುತ್ತಲಿನ ಗೋಡೆಗಳಲ್ಲಿ ಶೇಕಡಾ 95ರಷ್ಟನ್ನೂ ಉಳಿಸಿ, ಒಂದು ಬದಿಗೆ ಹೊಸ ಮಹಡಿಗಳನ್ನು ಜೋಡಿಸಿ, ವಿಸ್ತೀರ್ಣವನ್ನು ಹೆಚ್ಚುಕಡಿಮೆ ಇಮ್ಮಡಿಯಾಗಿಸಿದರು. 2022ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ ಅದೇ ವರ್ಷ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವರ್ಷದ ಕಟ್ಟಡವೆಂಬ ಗೌರವ ಸಂದಿತು. ತೊಡಕು ಇದ್ದದ್ದು ಕಾಂಕ್ರೀಟಿನ ಸ್ವಭಾವದಲ್ಲಿ. ಹೊಸ ಕಾಂಕ್ರೀಟು ಒಣಗುತ್ತಾ, ಭಾರ ಹೊರುತ್ತಾ ಕೆಲವು ವರ್ಷಗಳ ಕಾಲ ಕುಗ್ಗುತ್ತದೆ, ನಲವತ್ತು ವರ್ಷ ನಿಂತ ಕಾಂಕ್ರೀಟು ಕುಗ್ಗುವುದನ್ನು ಬಹುಮಟ್ಟಿಗೆ ಮುಗಿಸಿರುತ್ತದೆ. ಎರಡನ್ನೂ ಮೊದಲ ದಿನವೇ ಬೆಸೆದರೆ ಹೊಸದು ಕುಗ್ಗುವಾಗ ಹಳೆಯದನ್ನು ಎಳೆಯುತ್ತದೆ, ಸ್ಲ್ಯಾಬು ಬಿರುಕು ಬಿಡುತ್ತದೆ. ಅದಕ್ಕಾಗಿ ಹಳೆಯ ಮತ್ತು ಹೊಸ ಸ್ಲ್ಯಾಬುಗಳ ನಡುವೆ ಪಟ್ಟಿಯೊಂದನ್ನು ಖಾಲಿ ಬಿಟ್ಟು, ಹೊಸ ಭಾಗ ಸಾಕಷ್ಟು ಕುಗ್ಗಿದ ನಂತರವೇ ಅದನ್ನು ತುಂಬಿದರು.

ಬಳಕೆಗಳು ಒಂದೇ ಚಾವಣಿಯಡಿ ಸೇರಿದಾಗ ಸಿಗುವ ಲಾಭಗಳಲ್ಲಿ ಹೆಚ್ಚು ಗಮನಕ್ಕೆ ಬಾರದ್ದು ಶಾಖದ ಹಂಚಿಕೆ. ಕಚೇರಿಗೆ ತಂಪು ಬೇಕಾಗುವುದು ಹಗಲಲ್ಲಿ, ಮನೆಗಳಿಗೆ ಬಿಸಿನೀರು ಬೇಕಾಗುವುದು ಬೆಳಗ್ಗೆ ಮತ್ತು ರಾತ್ರಿ. ಆಹಾರ ಮಳಿಗೆಯ ಶೀತಕ ಪೆಟ್ಟಿಗೆಗಳು ದಿನವಿಡೀ ಬಿಸಿಯನ್ನು ಹೊರಹಾಕುತ್ತವೆ. ಬೇರೆ ಬೇರೆ ಕಟ್ಟಡಗಳಲ್ಲಾದರೆ ಆ ಬಿಸಿ ಬೀದಿಯ ಗಾಳಿಗೆ ಹೋಗುತ್ತದೆ. ಒಂದೇ ಕಟ್ಟಡದಲ್ಲಾದರೆ ಅದನ್ನು ಕೊಳವೆಗಳಲ್ಲಿ ಸುತ್ತಿ ಹರಿಯುವ ನೀರಿಗೆ ಹಾಯಿಸಿ, ಹೀಟ್ ಪಂಪಿನಿಂದ ಇನ್ನಷ್ಟು ಏರಿಸಿ, ತೊಟ್ಟಿಯಲ್ಲಿ ಕೂಡಿಟ್ಟು ಮರುದಿನ ಬೆಳಗಿನ ಸ್ನಾನಕ್ಕೆ ಕೊಡಬಹುದು. ಎಲ್ಲರ ಬೇಡಿಕೆಯೂ ಒಂದೇ ಗಂಟೆಯಲ್ಲಿ ತುದಿ ಮುಟ್ಟದ ಕಾರಣ ಒಟ್ಟು ಯಂತ್ರಗಳ ಗಾತ್ರವೂ, ವಿದ್ಯುತ್ ಸಂಪರ್ಕದ ಸಾಮರ್ಥ್ಯವೂ ತಗ್ಗುತ್ತದೆ. ವಾಹನ ನಿಲುಗಡೆಗೂ ಇದೇ ಮಾತು ಅನ್ವಯಿಸುತ್ತದೆ.

ಒಟ್ಟಿಗಿರುವುದರಿಂದ ಜಗಳಗಳೂ ಹುಟ್ಟುತ್ತವೆ. ಅಡುಗೆಮನೆಯ ಹೊಗೆ ನೆತ್ತಿಯವರೆಗೆ ಹೋಗಲು ತನ್ನದೇ ನಳಿಗೆ ಬೇಕು, ಸಂಗೀತದ ಮಂದ್ರಸ್ವರ ಕಾಂಕ್ರೀಟಿನ ಮೂಲಕ ಮೂರು ಮಹಡಿ ಏರಿ ಮಲಗುವ ಕೋಣೆಯನ್ನು ತಲುಪುತ್ತದೆ. ಬೆಂಕಿಯ ವಿಷಯದಲ್ಲಂತೂ ಎಳ್ಳಷ್ಟೂ ಸಡಿಲಿಕೆ ಸಲ್ಲದು. ರಾತ್ರಿ ಜನ ಮಲಗುವ ಮನೆಗಳಿಗೆ ಅಂಗಡಿಗಳಿಂದ ಬೇರ್ಪಟ್ಟ ಮೆಟ್ಟಿಲಿರಬೇಕು, ಎರಡು ಬಳಕೆಗಳ ನಡುವಿನ ನೆಲ ಮತ್ತು ಗೋಡೆ ಬೆಂಕಿಯನ್ನು ಗಂಟೆಗಟ್ಟಲೆ ತಡೆಯಬೇಕು, ಕೊಳವೆ ತೂರಿದ ಪ್ರತಿ ತೂತನ್ನೂ ಮುಚ್ಚಬೇಕು. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು ಹತ್ತಿದ ಬೆಂಕಿಯಲ್ಲಿ 72 ಜನ ಪ್ರಾಣ ಕಳೆದುಕೊಂಡರು. ಅದರ ಹಿಂದಿನ ವರ್ಷವಷ್ಟೇ ಮುಗಿದಿದ್ದ ನವೀಕರಣದಲ್ಲಿ ಹೊರಗೋಡೆಗೆ ಸುಲಭವಾಗಿ ಉರಿಯುವ ಹೊದಿಕೆಯನ್ನು ಹಾಕಿದ್ದರು. ಶಾಖ ಉಳಿಸುವ ಹೊದಿಕೆಯನ್ನು ಆರಿಸುವಾಗ ಅದು ಉರಿಯುತ್ತದೆಯೇ ಎಂಬ ಪ್ರಶ್ನೆ ಬೇರೆಲ್ಲ ಪ್ರಶ್ನೆಗಳಿಗಿಂತ ಮೊದಲು ಬರಬೇಕು.

ಶಕ್ತಿ ಉಳಿತಾಯದ ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ಬೇಡಿಕೆಯನ್ನು ಇಳಿಸಬೇಕು, ಆಮೇಲೆ ಯಂತ್ರ ಕೊಳ್ಳಬೇಕು. ಎಂಪೈರ್ ಸ್ಟೇಟ್ ಕಟ್ಟಡದ ನವೀಕರಣದಲ್ಲಿ 6,514 ಕಿಟಕಿಗಳನ್ನು ಎಸೆಯದೆ, ಕಟ್ಟಡದೊಳಗೇ ಒಂದು ಕಾರ್ಯಾಗಾರ ಹೂಡಿ, ಹಳೆಯ ಗಾಜುಗಳ ನಡುವೆ ಹೊಸ ಪದರ ಸೇರಿಸಿ ಮರಳಿ ಕೂರಿಸಿದರು. ಇದರಿಂದಲೂ ದೀಪಗಳ ಸುಧಾರಣೆಯಿಂದಲೂ ತಂಪಿನ ಬೇಡಿಕೆ ಎಷ್ಟು ಇಳಿಯಿತೆಂದರೆ ಹೊಸ ದೊಡ್ಡ ಶೀತಲ ಯಂತ್ರಗಳನ್ನು ಕೊಳ್ಳುವ ಬದಲು ಇದ್ದವುಗಳನ್ನೇ ಸುಧಾರಿಸಿ ಬಳಸುವುದು ಸಾಧ್ಯವಾಯಿತು. ಒಟ್ಟು ಶಕ್ತಿಬಳಕೆಯನ್ನು ಶೇಕಡಾ 38ರಷ್ಟು ತಗ್ಗಿಸುವ ಗುರಿಯಿಟ್ಟುಕೊಂಡ ಆ ಯೋಜನೆಯ ಜಾಣತನ ಇರುವುದು ಈ ಕ್ರಮದಲ್ಲಿ. ಚಳಿ ಪ್ರದೇಶದ ಹಳೆಯ ಇಟ್ಟಿಗೆ ಕಟ್ಟಡಗಳಲ್ಲಿ ಒಂದು ಎಚ್ಚರವೂ ಬೇಕು. ಒಳಗಡೆಯಿಂದ ಶಾಖನಿರೋಧಕ ಹೊದಿಸಿದರೆ ಗೋಡೆ ಮೊದಲಿಗಿಂತ ತಣ್ಣಗಾಗುತ್ತದೆ, ಒಳಗಿನ ಆವಿ ಅದರ ಹಿಂದೆ ನೀರಾಗಿ ಇಳಿದು ಮರದ ತೊಲೆಯ ತುದಿಗಳನ್ನು ಕೊಳೆಸಬಹುದು.

ಇಂಗಾಲದ ಲೆಕ್ಕದಲ್ಲಿ ಸಿಗದ ಒಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ನಗರಕ್ಕೆ ಹಳೆಯ ಕಟ್ಟಡಗಳು ಬೇಕಾಗುವುದು ಅವುಗಳ ಅಂದಕ್ಕಲ್ಲ, ಕಡಿಮೆ ಬಾಡಿಗೆಯಲ್ಲಿ ಬದುಕುವ ಸಣ್ಣ ಉದ್ಯಮಗಳಿಗೆ ಅವು ನೆಲೆ ಕೊಡುತ್ತವೆ ಎಂಬ ಕಾರಣಕ್ಕೆ ಎಂದು ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದರು. ದಿನದ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕಾರಣಕ್ಕೆ ಜನ ಓಡಾಡುವ ಬೀದಿ ಮಾತ್ರ ಜೀವಂತವಾಗಿಯೂ ಸುರಕ್ಷಿತವಾಗಿಯೂ ಇರುತ್ತದೆ ಎಂಬುದೂ ಅವರದೇ ಮಾತು. ಕಾಂಕ್ರೀಟನ್ನು ಉಳಿಸಿ, ಅದರೊಳಗಿದ್ದ ದರ್ಜಿ, ಗಡಿಯಾರ ರಿಪೇರಿಯವ, ಮುದ್ರಣಾಲಯದವರನ್ನೆಲ್ಲ ಬಾಡಿಗೆಯಿಂದ ಹೊರಗಟ್ಟಿದ ಯೋಜನೆಯನ್ನು ಸುಸ್ಥಿರ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಕೆಲಸವನ್ನು ಹಂತಹಂತವಾಗಿ ನಡೆಸಿ ಬಾಡಿಗೆದಾರರನ್ನು ಒಂದು ಭಾಗದಿಂದ ಇನ್ನೊಂದಕ್ಕೆ ಸ್ಥಳಾಂತರಿಸುವುದು, ನೆಲಮಹಡಿಯ ಸ್ವಲ್ಪ ಜಾಗವನ್ನು ನಿಯಂತ್ರಿತ ಬಾಡಿಗೆಗೆ ಮೀಸಲಿಡುವುದು ಇವೆಲ್ಲ ನಕ್ಷೆ ಬರೆಯುವ ಮೊದಲೇ ಕರಾರಿನಲ್ಲಿ ಸೇರಬೇಕಾದ ವಿಷಯಗಳು.

ಇಂದು ಆರಿಸಿದ ಬಳಕೆಯೂ ಶಾಶ್ವತವಲ್ಲ. ಕಟ್ಟಡವೆಂದರೆ ಬೇರೆ ಬೇರೆ ಆಯುಷ್ಯದ ಪದರಗಳು ಎಂದು ಬ್ರಿಟಿಷ್ ವಾಸ್ತುಶಿಲ್ಪಿ ಫ್ರಾಂಕ್ ಡಫಿ ವಿವರಿಸಿದ್ದರು: ಅಸ್ಥಿಪಂಜರ ಐವತ್ತು ವರ್ಷ ಅಥವಾ ಹೆಚ್ಚು, ಕೊಳವೆ ತಂತಿ ಯಂತ್ರಗಳು ಹದಿನೈದು ವರ್ಷ, ಒಳಗಿನ ವಿಂಗಡಣೆಗಳು ಐದಾರು ವರ್ಷ. ಹದಿನೈದು ವರ್ಷದ ಕೊಳವೆಯನ್ನು ನೂರು ವರ್ಷದ ಕಾಂಕ್ರೀಟಿನೊಳಗೆ ಹೂತರೆ ಕೊಳವೆ ಕೆಟ್ಟಾಗ ಕಾಂಕ್ರೀಟನ್ನೇ ಒಡೆಯಬೇಕಾಗುತ್ತದೆ. ಆದ್ದರಿಂದ ಕೊಳವೆಗಳು ಬಾಗಿಲು ತೆರೆದು ಮುಟ್ಟಬಹುದಾದ ಶಾಫ್ಟಿನಲ್ಲಿ ಓಡಬೇಕು, ಒಳಗೋಡೆಗಳನ್ನು ಅಂಟಿಸುವ ಬದಲು ಸ್ಕ್ರೂ ಬಿಗಿದು ನಿಲ್ಲಿಸಬೇಕು.

ಕೆಲಸ ಮುಗಿದು ಜನ ಒಳಬಂದ ಮೇಲೆ ಕನಿಷ್ಠ ಎರಡು ವರ್ಷ ಅಂಗಡಿ, ಕಚೇರಿ, ಮನೆಗಳಿಗೆ ಪ್ರತ್ಯೇಕ ಮೀಟರುಗಳನ್ನಿಟ್ಟು ಓದುವುದು ಅಗತ್ಯ, ಏಕೆಂದರೆ ವಿನ್ಯಾಸದಲ್ಲಿ ಲೆಕ್ಕಹಾಕಿದ ಶಕ್ತಿಗೂ ನಿಜವಾಗಿ ಖರ್ಚಾಗುವ ಶಕ್ತಿಗೂ ಅಂತರ ಬೀಳುವುದು ಸಾಮಾನ್ಯ. ರಾತ್ರಿಯಿಡೀ ಓಡುತ್ತಿರುವ ಫ್ಯಾನು, ತಪ್ಪು ಹೊತ್ತಿಗೆ ಹೊಂದಿಸಿದ ಪಂಪು ಸಿಗುವುದು ಆಗಲೇ. ಮೀಟರಿನ ಈ ಓದುಗಳ ಜೊತೆಗೆ ಕಾಂಕ್ರೀಟಿನ ಪರೀಕ್ಷೆಯ ಫಲಿತಾಂಶ, ಕೇಬಲ್‌ಗಳ ಜಾಗ, ಹೊಸದಾಗಿ ಕೊರೆದ ಪ್ರತಿ ತೂತಿನ ಅಳತೆ, ಪ್ರತಿ ಮಹಡಿ ಹೊರಬಲ್ಲ ಭಾರ ಇವನ್ನೆಲ್ಲ ಕಟ್ಟಿದಂತೆಯೇ ತೋರಿಸುವ ನಕ್ಷೆಯಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಕಟ್ಟಡದಲ್ಲೇ ಇರಿಸಬೇಕು. ಇನ್ನು ನಲವತ್ತು ವರ್ಷಕ್ಕೆ ಬರುವ ಎಂಜಿನಿಯರು ಕಂಬದ ಒಂದು ಮೂಲೆಯನ್ನು ಒಡೆದು ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುವಾಗ, ಪಟ್ಟಿಯ ದಪ್ಪವನ್ನು ಹೋಲಿಸಿ ನೋಡಲು ಅವರಿಗೆ ಅದೇ ಕಂಬದ ಹಿಂದಿನ ಅಳತೆ ಬೇಕಾಗುತ್ತದೆ.